ಕಾರು ಬಯಲಲ್ಲಿ ನಿಲ್ಲುತ್ತಾ? ಮೊದಲು ಅರ್ತಿಂಗ್ ನೋಡಿ, ಚಾರ್ಜರ್ ಮಾತು ಆಮೇಲೆ

ಪ್ರಶ್ನೆ: ನಮ್ಮನೆ ತುಮಕೂರಲ್ಲಿ, ಕ್ಯಾತ್ಸಂದ್ರದ ಕಡೆ. ಹೊಸದಾಗಿ ಟಾಟಾ ಪಂಚ್ ಇವಿ (ಎಲೆಕ್ಟ್ರಿಕ್ ಕಾರು) ತಗೊಂಡ್ವಿ, 35 ಕಿಲೋವ್ಯಾಟ್ ಅವರ್ ಬ್ಯಾಟರಿದು. ಪೋರ್ಟಿಕೋ ಇಲ್ಲ, ಕಾರು ನಿಲ್ಲೋದು ಪಕ್ಕದಲ್ಲಿರೋ ನಮ್ದೇ ಖಾಲಿ ಜಾಗದಲ್ಲಿ, ಒಂದು ತೆಂಗಿನಮರ ಬಿಟ್ರೆ ಮೇಲೆ ಏನೂ ಇಲ್ಲ. ಮೀಟರ್ ಬೋರ್ಡಿಂದ ಅಲ್ಲಿಗೆ ಸುಮಾರು 25 ಮೀಟರ್. ನಾನು ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾಗೆ ಕೆಲಸಕ್ಕೆ ಹೋಗ್ತೀನಿ, ಎಲ್ಲಾ ಸೇರಿ ದಿನಕ್ಕೆ 50 ಕಿಲೋಮೀಟರ್ ಓಡುತ್ತೆ. ಶೋರೂಮ್‌ನೋರು 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ (ಗೋಡೆಗೆ ಕೂರಿಸೋ ಚಾರ್ಜರ್) ಹಾಕ್ಸಿ ಅಂತಾರೆ, ನಮ್ ಎಲೆಕ್ಟ್ರಿಷಿಯನ್ ವಾಷಿಂಗ್ ಮಷಿನ್ ಪಾಯಿಂಟಿಂದ ವೈರ್ ಎಳೆದುಬಿಡ್ತೀನಿ ಸಾಕು ಅಂತಾನೆ. ಸದ್ಯಕ್ಕೆ ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಹಾಕ್ತಿದೀನಿ, ಆಗಾಗ ಚಾರ್ಜರಲ್ಲಿ ಕೆಂಪು ಲೈಟ್ ಬಂದು ನಿಂತೋಗುತ್ತೆ. ಮಳೇಲಿ ಚಾರ್ಜ್ ಹಾಕ್ಬಹುದಾ? ಗೃಹಜ್ಯೋತಿ ಹೋಗ್ಬಿಡುತ್ತಾ? ಸೋಲಾರ್ ಹಾಕ್ಸಿದ್ರೆ ಹೇಗೆ?

ಉತ್ತರ: ಮೊದಲು ಆ ಎಕ್ಸ್‌ಟೆನ್ಷನ್ ಬೋರ್ಡ್ ಎತ್ತಿಡಿ ಮೇಡಂ, ಉಳಿದಿದ್ದು ಆಮೇಲೆ ಮಾತಾಡೋಣ. ಕೆಲಸ ಮುಗಿಯೋವರೆಗೂ ಊರಲ್ಲಿರೋ ಯಾವುದಾದ್ರೂ ಪಬ್ಲಿಕ್ ಚಾರ್ಜರ್‌ಗೆ ಹೋಗಿ, ಇಲ್ಲಾ ಆಫೀಸಲ್ಲಿ ಪಾಯಿಂಟ್ ಇದ್ರೆ ಅಲ್ಲೇ ಹಾಕ್ಕೊಳ್ಳಿ. ಮಿಕ್ಸಿನೋ ಇಸ್ತ್ರಿಪೆಟ್ಟಿಗೆನೋ ಹತ್ತು ನಿಮಿಷ ಓಡಿ ನಿಂತುಬಿಡುತ್ತೆ, ಕಾರು ಹಂಗಲ್ಲ, 13-15 ಆಂಪ್ ಕರೆಂಟನ್ನ ಮೂರು ಗಂಟೆ, ಬ್ಯಾಟರಿ ಪೂರ್ತಿ ಇಳಿದಿದ್ರೆ ಹತ್ತು ಹನ್ನೆರಡು ಗಂಟೆ ಒಂದೇ ಸಮ ಎಳೀತಾನೇ ಇರುತ್ತೆ, ಅಂಗಡೀಲಿ ಸಿಗೋ ಎಕ್ಸ್‌ಟೆನ್ಷನ್ ಬೋರ್ಡ್ ಒಳಗಿರೋ ತಗಡಿನ ಪಟ್ಟಿ ಅದಕ್ಕೆ ಮಾಡಿದ್ದಲ್ಲ. ಕಾರ್ ಚಾರ್ಜಿಂಗ್‌ಗೆ ಎಕ್ಸ್‌ಟೆನ್ಷನ್ ವೈರ್ ಬಳಸ್ಬಾರ್ದು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಬರೆದಿದೆ, ಅಂದ್ರೆ ಇದು ನನ್ನ ಅತಿ ಜಾಗ್ರತೆ ಅಲ್ಲ.

ಈಗ ಶೋರೂಮ್‌ನೋರ ಮಾತು. 7.2 ಕಿಲೋವ್ಯಾಟ್ ನಿಮಗೆ ಬೇಕಾ? ಲೆಕ್ಕ ಹಾಕಿ ನೋಡಿ, ಈ ಗಾತ್ರದ ಕಾರು ನಮ್ ರಸ್ತೇಲಿ ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಕೊಡುತ್ತೆ, 50 ಕಿಲೋಮೀಟರ್‌ಗೆ 7 ಯೂನಿಟ್ ಚಿಲ್ಲರೆ, ಚಾರ್ಜ್ ಆಗೋವಾಗ ಬಿಸಿಯಾಗಿ ಹೋಗೋದೆಲ್ಲಾ ಸೇರಿಸಿದ್ರೆ ಮೀಟರ್‌ನಲ್ಲಿ 8 ಯೂನಿಟ್ ಅಂದ್ಕೊಳ್ಳಿ. ಕಾರ್ ಜೊತೆ ಬಂದಿರೋ ಆ 15 ಆಂಪ್ ಪೋರ್ಟಬಲ್ ಚಾರ್ಜರ್ ಗಂಟೆಗೆ ಹತ್ತಿರಹತ್ತಿರ 3 ಯೂನಿಟ್ ಎಳೆಯುತ್ತೆ. ರಾತ್ರಿ ಹನ್ನೊಂದಕ್ಕೆ ಹಾಕಿದ್ರೆ ಎರಡು ಗಂಟೆಗೆಲ್ಲಾ ಮುಗಿದೋಯ್ತು, ನೀವೋ ಬೆಳಿಗ್ಗೆ ತನಕ ಕಾರು ಮುಟ್ಟಲ್ಲ. ದಿನಾ ಬೆಂಗಳೂರಿಗೆ ಹೋಗಿಬರೋರಿಗೆ, ಅಥವಾ ಮನೇಲಿ ಎರಡು ಇವಿ ಇರೋರಿಗೆ ವಾಲ್‌ಬಾಕ್ಸ್ ಅರ್ಥ ಇದೆ. ನಿಮ್ ಓಡಾಟಕ್ಕೆ ಅದು ದುಬಾರಿ ಶೋಕಿ ಅಷ್ಟೇ. ಅದೂ ಅಲ್ಲದೆ ವಾಲ್‌ಬಾಕ್ಸ್ ಒಂದೇ ಫೇಸಿಂದ 32 ಆಂಪ್ ಎಳೆಯುತ್ತೆ, ನಿಮ್ಮನೆ ಸ್ಯಾಂಕ್ಷನ್ ಲೋಡ್ (ಬೆಸ್ಕಾಂ ಮಂಜೂರು ಮಾಡಿರೋ ಮಿತಿ) ಎರಡೋ ಮೂರೋ ಕಿಲೋವ್ಯಾಟ್ ಇರುತ್ತೆ ಅಷ್ಟೇ, ಅದರ ಮೇಲೆ ಗೀಸರ್ ಹಾಕಿದ್ರೆ ಕಂಬದಿಂದ ಬಂದಿರೋ ಸರ್ವೀಸ್ ವೈರ್ ಪಾಡೇನು?

ಹಂಗಂತ ಎಲೆಕ್ಟ್ರಿಷಿಯನ್ ಹೇಳಿದ್ದೂ ಸರಿಯಿಲ್ಲ. ವಾಷಿಂಗ್ ಮಷಿನ್ ಪಾಯಿಂಟ್‌ಗೆ ಮನೆ ಕಟ್ಟೋವಾಗ 2.5 ಸ್ಕ್ವೇರ್ ಎಂಎಂ ವೈರ್ ಎಳೆದಿರ್ತಾರೆ, ಆ ಲೈನಲ್ಲಿ ಇನ್ನೇನೇನು ನೇತಾಕಿದಾರೋ ಯಾರಿಗೂ ನೆನಪಿರಲ್ಲ. ಕಾರಿಗೆ ಮೀಟರ್ ಪಕ್ಕದ ಮೇನ್ ಬೋರ್ಡಿಂದಲೇ ಒಂದು ಪ್ರತ್ಯೇಕ ಲೈನ್ ಬರ್ಬೇಕು, ಅದರಲ್ಲಿ ಬೇರೆ ಒಂದು ಬಲ್ಬೂ ಇರ್ಬಾರ್ದು. 25 ಮೀಟರ್‌ಗೆ 4 ಸ್ಕ್ವೇರ್ ಎಂಎಂ ತಾಮ್ರ ಹಾಕ್ಸಿ, 15 ಆಂಪ್‌ಗೆ ಮೂರೂವರೆ ವೋಲ್ಟ್ ಡ್ರಾಪ್ ಆಗುತ್ತೆ, ಪರವಾಗಿಲ್ಲ. 2.5ರಲ್ಲಿ ಐದೂವರೆ ವೋಲ್ಟ್ ಮೇಲೆ ಹೋಗುತ್ತೆ, ಅಂದ್ರೆ 80 ವ್ಯಾಟ್ ಬರೀ ವೈರ್ ಬಿಸಿ ಮಾಡೋಕೆ. ಮುಂದೆ ಯಾವತ್ತಾದ್ರೂ ವಾಲ್‌ಬಾಕ್ಸ್ ಹಾಕೋ ಯೋಚನೆ ಇದ್ರೆ ಈಗಲೇ 6 ಎಳೆದುಬಿಡಿ, ಗುಂಡಿ ತೋಡೋ ಕೂಲಿ ಎರಡು ಸಲ ಕೊಡೋದು ತಪ್ಪುತ್ತೆ.

ಈಗ ಕೆಂಪು ಲೈಟ್ ವಿಷಯ, ನಿಮ್ ಪತ್ರದಲ್ಲಿ ನಿಜವಾಗ್ಲೂ ಮುಖ್ಯವಾದ ಮಾತು ಅದೇ, ನೀವು ಅದನ್ನ ಮಧ್ಯದಲ್ಲಿ ಒಂದು ಸಾಲಲ್ಲಿ ಹೇಳಿ ಮುಗಿಸಿದೀರ. ಪೋರ್ಟಬಲ್ ಚಾರ್ಜರ್‌ನ ಮಧ್ಯದಲ್ಲಿ ಇರೋ ಡಬ್ಬಿ ಇದೆಯಲ್ಲ, ಅದು ಕಾರಿಗೆ ಕರೆಂಟ್ ಬಿಡೋ ಮುಂಚೆ ಅರ್ತ್ ಇದೆಯಾ ಅಂತ ನೋಡುತ್ತೆ. ಇಲ್ಲಾಂದ್ರೆ, ಅಥವಾ ಇದ್ದೂ ಇಲ್ಲದ ಹಂಗಿದ್ರೆ, ಕೆಂಪು ತೋರ್ಸಿ ಕೂತ್ಕೊಳ್ಳುತ್ತೆ. ಲೋ ವೋಲ್ಟೇಜ್‌ಗೂ ಹಿಂಗಾಗಬಹುದು, ಸಂಜೆ ಸುತ್ತಮುತ್ತ ಬೋರ್‌ವೆಲ್ ಮೋಟರ್ ಎಲ್ಲಾ ಆನ್ ಆಗಿ ವೋಲ್ಟೇಜ್ 180ಕ್ಕೆ ಬಿದ್ರೆ ಚಾರ್ಜರ್ ಕೈಚೆಲ್ಲುತ್ತೆ. ಯಾವುದು ಅಂತ ಗೊತ್ತಾಗೋಕೆ ಲೈಟ್ ಎಷ್ಟು ಸಲ ಮಿಣುಕುತ್ತೆ ಅಂತ ನೋಡಿ ಮ್ಯಾನುಯಲ್ ಜೊತೆ ಹೋಲಿಸಿ. ಆದ್ರೆ ನಮ್ ಜಿಲ್ಲೇಲಿ ಹತ್ತಕ್ಕೆ ಏಳೆಂಟು ಕಡೆ ನಾನು ನೋಡಿರೋದು ಅರ್ತಿಂಗ್ ಸಮಸ್ಯೆನೇ.

ಯಾಕೆ ಅಂದ್ರೆ ನಮ್ ನೆಲಾನೇ ಹಂಗೆ. ದೇವರಾಯನದುರ್ಗ, ಮಧುಗಿರಿ ಬೆಟ್ಟ ಎಲ್ಲಾ ಕಣ್ಣಿಗೆ ಕಾಣೋ ಕಲ್ಲು, ಅದೇ ತರದ ಬಂಡೆ ನಿಮ್ ಸೈಟ್ ಕೆಳಗೂ ಇರುತ್ತೆ, ಎರಡು ಮೂರು ಅಡಿ ಮಣ್ಣು ಅಗೆದ್ರೆ ಜಲ್ಲಿ, ಆಮೇಲೆ ಹಾರೆ ಟಣ್ ಅನ್ನುತ್ತೆ. ಅರ್ತ್ ಅಂದ್ರೆ ಕರೆಂಟು ನೆಲಕ್ಕೆ ಇಳಿದು ಹೋಗೋ ದಾರಿ, ಒಣಗಿದ ಜಲ್ಲೀಲಿ, ಬಂಡೇಲಿ ಅದು ಇಳಿಯಲ್ಲ. ಮನೆ ಕಟ್ಟಿದಾಗ ಮೇಸ್ತ್ರಿ ಒಂದು ಪೈಪ್ ಹೂತು ಇದ್ದಲು ಉಪ್ಪು ಹಾಕಿರ್ತಾನೆ, ಆಮೇಲೆ ಅದರ ಮೇಲೆ ಟೈಲ್ಸ್ ಬಂದು, ವರ್ಷಗಟ್ಟಲೆ ಒಂದು ತಂಬಿಗೆ ನೀರೂ ಯಾರೂ ಹಾಕಿರಲ್ಲ. ಮಾರ್ಚ್-ಏಪ್ರಿಲ್‌ನಲ್ಲಂತೂ ಆ ಪೈಪು ಸುಮ್ನೆ ನೆಲಕ್ಕೆ ಚುಚ್ಚಿರೋ ಕಬ್ಬಿಣ, ಇನ್ನೇನಿಲ್ಲ.

ನಿಮ್ ಎಲೆಕ್ಟ್ರಿಷಿಯನ್ ಬಲ್ಬ್ ಟೆಸ್ಟ್ ಮಾಡಿ ತೋರಿಸ್ತಾನೆ ನೋಡಿ, ಫೇಸಿಗೂ ಅರ್ತಿಗೂ ಮಧ್ಯ 100 ವ್ಯಾಟ್ ಬಲ್ಬ್ ಇಡ್ತಾನೆ, ಜಗಮಗ ಉರಿಯುತ್ತೆ, 'ನೋಡಿ ಸಾರ್ ಫಸ್ಟ್ ಕ್ಲಾಸ್ ಅರ್ತ್' ಅಂತಾನೆ. ನಂಬ್ಬೇಡಿ. 100 ವ್ಯಾಟ್ ಬಲ್ಬ್ ಎಳೆಯೋದು ಅರ್ಧ ಆಂಪೂ ಅಲ್ಲ, ಅರ್ತ್ ರೆಸಿಸ್ಟೆನ್ಸ್ 50 ಓಮ್ ಇದ್ರೂ ಇಪ್ಪತ್ತು ವೋಲ್ಟ್ ಚಿಲ್ಲರೆ ಮಾತ್ರ ಅಲ್ಲಿ ಉಳಿದು ಬಲ್ಬ್ ಚೆನ್ನಾಗೇ ಉರಿಯುತ್ತೆ. 50 ಓಮ್ ಅರ್ತ್ ಅಂದ್ರೆ ಇಲ್ಲದಿದ್ದಂಗೆ. ಸರಿಯಾದ ಅಳತೆ ಅಂದ್ರೆ ಅರ್ತ್ ಟೆಸ್ಟರ್ ತಂದು, ಎರಡು ಮೊಳೆ ದೂರದೂರ ಹೊಡೆದು ಓದೋದು. 5 ಓಮ್ ಒಳಗೆ ಬಂದ್ರೆ ನೆಮ್ಮದಿ, 2ರ ಒಳಗೆ ಬಂದ್ರೆ ಇನ್ನೂ ಒಳ್ಳೇದು. ಟೆಸ್ಟರ್ ಇಲ್ಲಾಂದ್ರೆ ಕನಿಷ್ಠ ಮಲ್ಟಿಮೀಟರಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ಮಧ್ಯ ವೋಲ್ಟೇಜ್ ನೋಡಿ, ಗೀಸರ್ ಆನ್ ಮಾಡಿಟ್ಟು ನೋಡಿ, ಎರಡು ಮೂರು ವೋಲ್ಟ್ ದಾಟಿದ್ರೆ ಎಲ್ಲೋ ಎಡವಟ್ಟಿದೆ ಅಂತ ತಿಳ್ಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನ ಮಾಡಿಸ್ಕೊಳ್ಳೇಬೇಡಿ. ಕೆಂಪು ಲೈಟ್ ಬರ್ತಿದೆ ಅಂದ ತಕ್ಷಣ ಕೆಲವರು ಸಾಕೆಟ್ ಬಿಚ್ಚಿ ನ್ಯೂಟ್ರಲ್ ಪಿನ್ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಜಂಪರ್ ಹಾಕ್ಬಿಡ್ತಾರೆ. ಚಾರ್ಜರ್‌ಗೆ ಅರ್ತ್ ಸಿಕ್ಕಿದಂಗೆ ಕಾಣುತ್ತೆ, ಹಸಿರು ಲೈಟ್ ಬರುತ್ತೆ, ಎಲ್ಲರಿಗೂ ಖುಷಿ, ಇನ್ನೂರು ರೂಪಾಯಿಗೆ ಕೆಲಸ ಮುಗೀತು. ಆದ್ರೆ ಯಾವತ್ತೋ ಗಾಳಿಗೆ ಕಂಬದ ಹತ್ರ ನ್ಯೂಟ್ರಲ್ ಲೂಸ್ ಆಯ್ತು ಅಂದ್ಕೊಳ್ಳಿ, ಆಗ ವಾಪಸ್ ಹೋಗೋ ಕರೆಂಟಿಗೆ ದಾರಿ ಇಲ್ಲದೆ ಆ ಜಂಪರ್ ಮೂಲಕ ನೇರ ಕಾರಿನ ಬಾಡಿಗೆ ಬರುತ್ತೆ. ಕಾರು ನಿಂತಿರೋದು ರಬ್ಬರ್ ಟೈರ್ ಮೇಲೆ, ಕರೆಂಟ್ ನೆಲಕ್ಕೆ ಇಳಿಯಲ್ಲ, ಬೆಳಿಗ್ಗೆ ಒದ್ದೆ ನೆಲದ ಮೇಲೆ ಚಪ್ಪಲಿ ಇಲ್ಲದೆ ನಿಂತು ಡೋರ್ ಹ್ಯಾಂಡಲ್ ಹಿಡಿಯೋರ ಮೈಯಿಂದ ಇಳಿಯುತ್ತೆ. ಜಂಪರ್ ಹಾಕಿದ್ರೆ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್) ಟ್ರಿಪ್ ಆಗ್ತಿರುತ್ತೆ, ಅದಕ್ಕೆ ಅದೇ ಪುಣ್ಯಾತ್ಮರು ಆರ್‌ಸಿಸಿಬಿನೂ ಬೈಪಾಸ್ ಮಾಡಿ ಹೋಗಿರ್ತಾರೆ. ನಿಮ್ಮನೇಲಿ ಹಿಂಗೇನಾದ್ರೂ ಆಗಿದೆಯಾ ಅಂತ ಮೊದಲು ಮೇನ್ ಆಫ್ ಮಾಡಿಸಿ, ಆಮೇಲೆ ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿ.

ಹಾಗಾದ್ರೆ ಏನ್ ಮಾಡ್ಬೇಕು? ಕಾರು ನಿಲ್ಲೋ ಜಾಗದ ಹತ್ರನೇ ಒಂದು ಹೊಸ ಅರ್ತ್ ಪಿಟ್ ತೋಡ್ಸಿ. ತಾಮ್ರ ಲೇಪನದ ರಾಡ್ ಅಥವಾ ಜಿಐ (ಸತು ಲೇಪನದ ಕಬ್ಬಿಣ) ಪೈಪ್, ಸುತ್ತ ಬೆಂಟೊನೈಟ್ ಜೇಡಿಮಣ್ಣು ಇಲ್ಲಾ ರೆಡಿ ಸಿಗೋ ಅರ್ತಿಂಗ್ ಕಾಂಪೌಂಡ್ ತುಂಬಿಸಿ, ಅದು ತೇವ ಹಿಡಿದಿಟ್ಕೊಳ್ಳುತ್ತೆ. ಉಪ್ಪು ಇದ್ದಲು ಅಗ್ಗ, ಆದ್ರೆ ಉಪ್ಪು ನೀರಲ್ಲಿ ಕೊಚ್ಚಿಹೋಗುತ್ತೆ, ಇರೋ ಪೈಪ್ ತುಕ್ಕು ಹಿಡಿಯುತ್ತೆ. ಮೂರಡಿಗೆ ಬಂಡೆ ಸಿಕ್ಬಿಟ್ರೆ ಅಲ್ಲಿಗೇ ಬಿಟ್ಟು ಮೇಲ್ಮೇಲೆ ಮುಚ್ಚಿಸ್ಬೇಡಿ, ಒಂದೆರಡು ಮೀಟರ್ ಅತ್ತಿತ್ತ ನೋಡಿ, ಆಗಲೂ ಆಗ್ಲಿಲ್ಲ ಅಂದ್ರೆ ಎರಡು ಪಿಟ್ ದೂರದೂರ ಮಾಡಿ ಪಟ್ಟೀಲಿ ಜೋಡಿಸ್ಬೇಕು, ಹತ್ತಿರಹತ್ತಿರ ಇದ್ರೆ ಪ್ರಯೋಜನ ಕಮ್ಮಿ. ಬಚ್ಚಲ ನೀರೋ ಪಾತ್ರೆ ತೊಳೆದ ನೀರೋ ಹೋಗೋ ಕಡೆ ಪಿಟ್ ಬಂದ್ರೆ ತುಂಬಾ ಒಳ್ಳೇದು, ಬೇಸಿಗೇಲಿ ನೀರು ಹಾಕೋದು ಬೇರೆ ನೆನಪಿಟ್ಕೊಳ್ಳೋ ಕೆಲಸ ಇರಲ್ಲ. ತೆಂಗಿನಮರದ ಪಾತಿ ಪಕ್ಕ ಕೂಡ ಆಗುತ್ತೆ, ಹೆಂಗಿದ್ರೂ ನೀರು ಬಿಡ್ತೀರ. ಹೊಸ ಪಿಟ್ಟನ್ನ ಮನೆ ಹಳೇ ಅರ್ತ್ ಜೊತೆ ಸೇರಿಸ್ಬೇಕು, ಬೇರೆಬೇರೆ ಬಿಡ್ಬಾರ್ದು. ಹೊರಗೆ ಕಣ್ಣಿಗೆ ಕಾಣೋ ಕಡೆ ತಾಮ್ರದ ಪಟ್ಟಿ ಬೇಡ, ಜಿಐ ಪಟ್ಟಿ ಹಾಕ್ಸಿ, ತಾಮ್ರ ಕಂಡ್ರೆ ಒಂದು ರಾತ್ರೀಲಿ ಗುಜರಿಗೆ ಹೋಗಿರುತ್ತೆ, ನೀವು ಮಾತ್ರ ಅರ್ತ್ ಇದೆ ಅಂದ್ಕೊಂಡೇ ಇರ್ತೀರ.

ಎಷ್ಟೇ ಒಳ್ಳೆ ಪಿಟ್ ಮಾಡಿದ್ರೂ ನಮ್ ನೆಲದಲ್ಲಿ ಆರ್‌ಸಿಸಿಬಿ ಇಲ್ಲದೆ ಕಾರ್ ಚಾರ್ಜ್ ಮಾಡ್ಬಾರ್ದು, ಯಾಕೆ ಅಂತ ಒಂದು ಲೆಕ್ಕ ನೋಡಿ. ಬೇಸಿಗೇಲಿ ನಿಮ್ ಅರ್ತ್ 20 ಓಮ್‌ಗೆ ಏರಿದೆ ಅಂದ್ಕೊಳ್ಳಿ. ಎಲ್ಲೋ ವೈರ್ ಸಿಪ್ಪೆ ಹೋಗಿ ಫೇಸ್ ಬಂದು ಬಾಡಿಗೆ ತಾಗ್ತು. 230 ವೋಲ್ಟ್ ಭಾಗಿಸು 20, ಹನ್ನೊಂದೂವರೆ ಆಂಪ್ ನೆಲಕ್ಕೆ ಹರಿಯುತ್ತೆ. ನಿಮ್ ಎಂಸಿಬಿ, ಅಂದ್ರೆ ಲೋಡ್ ಜಾಸ್ತಿಯಾದ್ರೆ ಬೀಳೋ ಸ್ವಿಚ್, 20 ಆಂಪಿಂದು ಅಂದ್ಕೊಳ್ಳಿ. ಅದಕ್ಕೆ ಇದು ಮಾಮೂಲಿ ಲೋಡ್ ತರ ಕಾಣುತ್ತೆ, ಟ್ರಿಪ್ಪೇ ಆಗಲ್ಲ, ಗಂಟೆಗಟ್ಟಲೆ ಹಂಗೇ ಇರುತ್ತೆ, ಬಾಡಿ ಲೈವ್. ಅದೇ 30 ಮಿಲಿ ಆಂಪ್ ಆರ್‌ಸಿಸಿಬಿ ಇದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಟ್. ಎಂಸಿಬಿ ಇದೆ ಸಾಕು ಅನ್ನೋರ ಮಾತು ಅದಕ್ಕೇ ಕೇಳ್ಬೇಡಿ, ಎಂಸಿಬಿ ವೈರ್ ಕಾಯೋಕೆ, ಆರ್‌ಸಿಸಿಬಿ ಮನುಷ್ಯರನ್ನ ಕಾಯೋಕೆ.

ಆರ್‌ಸಿಸಿಬಿ ಕೊಳ್ಳೋವಾಗ 'ಟೈಪ್ ಎ' ಕೇಳಿ ತಗೊಳ್ಳಿ. ಅಂಗಡೀಲಿ ಸುಮ್ನೆ ಆರ್‌ಸಿಸಿಬಿ ಕೊಡಿ ಅಂದ್ರೆ 'ಟೈಪ್ ಎಸಿ' ಕೊಡ್ತಾರೆ, ಅದು ಮಾಮೂಲಿ ಮನೆ ಸಾಮಾನಿಗೆ. ಕಾರಿನ ಒಳಗಿರೋ ಚಾರ್ಜರ್ ಎಸಿನ ಡಿಸಿ ಮಾಡುತ್ತೆ, ಅದರ ಲೀಕೇಜ್ ಬೇರೆ ರೀತಿ ಇರುತ್ತೆ, ಟೈಪ್ ಎಸಿ ಅದನ್ನ ಸರಿಯಾಗಿ ಗುರುತಿಸಲ್ಲ. ಮುಂಭಾಗದಲ್ಲಿ ಸಣ್ಣ ಚೌಕದಲ್ಲಿ ಗುರುತಿರುತ್ತೆ, ಬರೀ ಒಂದು ಅಲೆ ಇದ್ರೆ ಟೈಪ್ ಎಸಿ, ಅಲೆ ಕೆಳಗೆ ಅರ್ಧರ್ಧ ಗುಡ್ಡದ ತರ ಇನ್ನೊಂದು ಗೆರೆ ಇದ್ರೆ ಟೈಪ್ ಎ. ಕನ್ನಡಕ ಹಾಕ್ಕೊಂಡು ಅಂಗಡೀಲೇ ನೋಡಿ. ಮನೆಗೆ ಬಂದ ಮೇಲೆ ತಿಂಗಳಿಗೊಂದ್ಸಲ ಅದರ ಮೇಲಿರೋ ಟೆಸ್ಟ್ ಬಟನ್ ಒತ್ತಿ, ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಅವತ್ತು ಚಾರ್ಜ್ ಬೇಡ. ಇದರ ಜೊತೆ ಇನ್ನೆರಡು ಸಾಮಾನು, ಒಂದು ಸರ್ಜ್ ಪ್ರೊಟೆಕ್ಟರ್, ಏಪ್ರಿಲ್-ಮೇನಲ್ಲಿ ಸಂಜೆ ಗುಡುಗು ಸಿಡಿಲು ಜೋರಿರುತ್ತಲ್ಲ ಅದಕ್ಕೆ, ಇನ್ನೊಂದು ಓವರ್ ವೋಲ್ಟೇಜ್ ಕಟಾಫ್, ಆಗಲೇ ಹೇಳಿದ ಹಾಗೆ ಕಂಬದ ನ್ಯೂಟ್ರಲ್ ಕಿತ್ತೋದ್ರೆ ಮನೆಗೆ 230 ಬದಲು 350-400 ವೋಲ್ಟ್ ಬಂದ್ಬಿಡಬಹುದು, ಫ್ರಿಜ್ಜು ಟಿವಿ ಹೋದ್ರೆ ಹೋಗ್ಲಿ, ಕಾರಿನ ಆನ್‌ಬೋರ್ಡ್ ಚಾರ್ಜರ್ ಸುಟ್ರೆ ಬಿಲ್ ನೋಡೋಕಾಗಲ್ಲ. ಜೋರು ಸಿಡಿಲಿದ್ದಾಗ ಪ್ರೊಟೆಕ್ಟರ್ ಇದೆ ಅಂತ ಧೈರ್ಯ ಮಾಡ್ದೆ ಮಳೆ ಶುರುವಾಗೋ ಮುಂಚೆನೇ ಪ್ಲಗ್ ತೆಗೆದುಬಿಡಿ.

ಮಳೇಲಿ ಚಾರ್ಜ್ ಹಾಕ್ಬಹುದಾ ಅಂತ ಕೇಳಿದೀರಲ್ಲ, ಇದಕ್ಕೆ ಉತ್ತರ ಎರಡು ಭಾಗ. ಕಾರಿಗೆ ಚುಚ್ಚೋ ಗನ್ ಕಡೆ ಹೆದರಿಕೆ ಬೇಡ, ಅದನ್ನ ಹೊರಗಡೆ ಬಳಸೋಕೇ ಅಂತ ಮಾಡಿರೋದು, ಗನ್ ಪೂರ್ತಿ ಒಳಗೆ ಕೂತು, ಕಾರೂ ಚಾರ್ಜರ್ರೂ ಒಂದಕ್ಕೊಂದು ಸಿಗ್ನಲ್ ಕೊಟ್ಟು ಒಪ್ಕೊಳ್ಳೋವರೆಗೂ ಅದರ ಪಿನ್‌ಗಳಲ್ಲಿ ಮೇನ್ ಕರೆಂಟೇ ಇರಲ್ಲ, ತೆಗೆಯೋವಾಗಲೂ ಮೊದಲು ಕರೆಂಟ್ ನಿಂತು ಆಮೇಲೆ ಗನ್ ಹೊರಗೆ ಬರುತ್ತೆ. ಕಾರಿನ ಕಡೆ ಸಾಕೆಟ್ ಒಳಗೆ ನಾಲ್ಕು ಹನಿ ಬಿದ್ರೂ ಇಳಿದುಹೋಗೋಕೆ ದಾರಿ ಇರುತ್ತೆ. ಅಪಾಯ ಇರೋದು ಇನ್ನೊಂದು ತುದೀಲಿ, ಗೋಡೆಗೆ ಚುಚ್ಚೋ ಮೂರು ಪಿನ್ ಪ್ಲಗ್‌ನಲ್ಲಿ. ಅದಕ್ಕೆ ಯಾವ ಬುದ್ಧಿಯೂ ಇಲ್ಲ, ಯಾವಾಗಲೂ ಲೈವ್, ನೀರು ತಡೆಯೋ ಶಕ್ತಿನೂ ಇಲ್ಲ. ಜನ ಗನ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಕಾಪಾಡ್ತಾರೆ, ಪ್ಲಗ್ಗನ್ನ ಕಿಟಕಿ ಸಜ್ಜಾ ಕೆಳಗೆ ಹಂಗೇ ಬಿಟ್ಟಿರ್ತಾರೆ, ಪೂರಾ ಉಲ್ಟಾ.

ಅದಕ್ಕೇ ಪ್ಲಗ್ಗಿಗೆ ಒಂದು ಒಳ್ಳೆ ಬಾಕ್ಸ್ ಬೇಕು. ಐಪಿ 65 (ಧೂಳು, ನೀರು ಒಳಗೆ ಹೋಗದ ದರ್ಜೆ) ಅಂತ ಬರೆದಿರೋ ಪಾಲಿಕಾರ್ಬೊನೇಟ್ ಅಥವಾ ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ್ದು, ಬಾಗಿಲು ಮುಚ್ಚಿದ ಮೇಲೂ ಪ್ಲಗ್ ಒಳಗೇ ಇರೋವಷ್ಟು ಆಳ ಇರ್ಬೇಕು, ಕೇಬಲ್ ಕೆಳಗಿನಿಂದ ಹೊರಗೆ ಬರ್ಬೇಕು, ಮೇಲಿನಿಂದ ಅಲ್ಲ, ಮೇಲಿಂದ ಬಂದ್ರೆ ನೀರು ಕೇಬಲ್ ಹಿಡ್ಕೊಂಡೇ ಒಳಗೆ ಇಳಿಯುತ್ತೆ. ಕೇಬಲ್ ಬರೋ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂರೋ ಬಿರಡೆ) ಹಾಕ್ಸಿ, ಉಳಿದ ತೂತೆಲ್ಲಾ ಮುಚ್ಚಿ. ನೀರಿಗಿಂತ ಹೆಚ್ಚು ತೊಂದ್ರೆ ಕೊಡೋದು ಇರುವೆ ಮತ್ತೆ ಹಲ್ಲಿ, ಚಳಿಗಾಲದಲ್ಲಿ ಬಾಕ್ಸ್ ಒಳಗೆ ಬೆಚ್ಚಗಿರುತ್ತೆ ಅಂತ ಬಂದು ಸೇರ್ಕೊಳ್ತವೆ, ಇರುವೆ ಮಣ್ಣು ತಂದು ಟರ್ಮಿನಲ್ ಮೇಲೆ ಕಟ್ಟುತ್ತೆ, ಹಲ್ಲಿ ಎರಡು ಟರ್ಮಿನಲ್ ಮಧ್ಯ ಅಡ್ಡ ಮಲಗಿ ಸತ್ತು ಶಾರ್ಟ್ ಮಾಡುತ್ತೆ. ಬಾಕ್ಸ್ ಎತ್ತರ, ನಿಯಮದಲ್ಲಿ ಚಾರ್ಜಿಂಗ್ ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಅಂತ ಇದೆ, ನಾನು ಬಯಲಲ್ಲಿ ನಾಲ್ಕಡಿಗೆ ಹಾಕ್ಸಿ ಅಂತೀನಿ, ಮಳೆ ನೀರು ನೆಲಕ್ಕೆ ಬಿದ್ದು ಸಿಡಿಯೋದೂ ತಾಗಲ್ಲ, ಬೀದಿನಾಯಿ ಕಾಲೆತ್ತೋದೂ ತಾಗಲ್ಲ. ಬೀಗ ಹಾಕೋ ಹಾಗಿರ್ಲಿ. ಕಾರ್ ಲಾಕ್ ಮಾಡಿದ್ರೆ ಗನ್ ಕಡೆ ಲಾಕ್ ಆಗುತ್ತೆ, ಗೋಡೆ ಕಡೆ ಯಾರ್ ಬೇಕಾದ್ರೂ ಕಿತ್ಕೊಂಡು ಹೋಗ್ಬಹುದು.

ಬಾಕ್ಸ್ ಒಳಗಿನ ಸಾಕೆಟ್ ಒಳ್ಳೆ ಕಂಪನಿದು 16 ಆಂಪ್ ಇರ್ಲಿ, ಇದರಲ್ಲಿ ಮಾತ್ರ ನೂರು ಇನ್ನೂರು ರೂಪಾಯಿ ಉಳಿಸೋಕೆ ಹೋಗ್ಬೇಡಿ. ಕೆಲವರು ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕ್ಸಿ ಅಂತಾರೆ, ಅದು ನಿಜಕ್ಕೂ ಗಟ್ಟಿ, ಆದ್ರೆ ಅದಕ್ಕೆ ನಿಮ್ ಚಾರ್ಜರ್‌ನ ಪ್ಲಗ್ ಕತ್ತರಿಸಿ ಬೇರೆ ಹಾಕ್ಬೇಕು, ವಾರಂಟಿ ಹೋಗುತ್ತೆ, ಬೇಡ. ಹಾಕಿದ ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಚಾರ್ಜ್ ನಿಲ್ಲಿಸಿ ಪ್ಲಗ್ ತೆಗೆದು ಅದರ ಮೈ ಮುಟ್ಟಿ ನೋಡಿ, ಬೆಚ್ಚಗಿದ್ರೆ ಸರಿ, ಹಿಡ್ಕೊಳ್ಳೋಕೆ ಆಗ್ದಷ್ಟು ಬಿಸಿ ಇದ್ರೆ, ಅಥವಾ ಪಿನ್ ಬುಡದಲ್ಲಿ ಕಂದು ಬಣ್ಣ ಬಂದಿದ್ರೆ, ಒಳಗೆ ಸ್ಕ್ರೂ ಲೂಸ್ ಇದೆ ಅಂತ ಅರ್ಥ. ಒಂದು ತಿಂಗಳಾದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಎಲ್ಲಾ ಸ್ಕ್ರೂ ಮತ್ತೆ ಟೈಟ್ ಮಾಡಿಸಿ, ದಿನಾ ಬಿಸಿ ಆಗಿ ತಣ್ಣಗಾಗಿ ತಾಮ್ರ ಸಡಿಲ ಆಗಿರುತ್ತೆ.

ವೈರ್ ಹೋಗೋ ದಾರಿ. ಕಾಂಪೌಂಡ್ ಗೋಡೆ ಮೇಲೆ ಬಿಳಿ ಪಿವಿಸಿ ಪೈಪಲ್ಲಿ ಎಳೆದ್ರೆ ಎರಡು ಬೇಸಿಗೆಗೆ ಬಿಸಿಲಿಗೆ ಸುಟ್ಟು ಹಪ್ಪಳ ಆಗುತ್ತೆ, ಅಳಿಲೂ ಕಡಿಯುತ್ತೆ. ನೆಲದಡಿ ಹೋಗೋದೇ ವಾಸಿ, ಆರ್ಮರ್ಡ್ (ಲೋಹದ ಕವಚ ಇರೋ) ಕೇಬಲ್ ತಗೊಂಡು ಎರಡರಿಂದ ಎರಡೂವರೆ ಅಡಿ ಆಳ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಮುಂದೆ ಯಾರಾದ್ರೂ ಗಿಡ ನೆಡೋಕೆ ಗುದ್ದಲಿ ಹಾಕಿದ್ರೆ ಮೊದಲು ಇಟ್ಟಿಗೆ ಸಿಗ್ಲಿ. ಕಾರಿನ ಚಕ್ರ ಹಾಯೋ ಕಡೆ ಎಚ್‌ಡಿಪಿಇ ಪೈಪ್ ಒಳಗೆ ಹಾಕ್ಸಿ. ಮುಚ್ಚೋ ಮುಂಚೆ ಒಂದು ಫೋಟೋ ತೆಗೆದಿಟ್ಕೊಳ್ಳಿ, ಐದು ವರ್ಷ ಆದ್ಮೇಲೆ ಕೇಬಲ್ ಎಲ್ಲಿದೆ ಅಂತ ಹಾಕಿದವನಿಗೂ ಗೊತ್ತಿರಲ್ಲ.

ತೆಂಗಿನಮರದ ಕೆಳಗೆ ಮಾತ್ರ ಕಾರು ನಿಲ್ಲಿಸ್ಬೇಡಿ ಮೇಡಂ, ನೆರಳು ಅಂತ ಆಸೆ ಬೀಳ್ಬೇಡಿ. ಕಾಯಿ ಬಿದ್ರೆ ಕಾರಿನ ಗಾಜು ಹೋಗುತ್ತೆ, ಗರಿ ಬಿದ್ರೆ ಚಾರ್ಜಿಂಗ್ ಗನ್ ಮುರಿಯುತ್ತೆ. ಬಾಕ್ಸನ್ನ ಮರದಿಂದ ದೂರ ಇಡಿ, ಕಾರು ಅಲ್ಲೇ ನಿಲ್ಲುತ್ತೆ, ಪೋರ್ಟಬಲ್ ಕೇಬಲ್ ಉದ್ದ ಐದು ಮೀಟರ್ ಆಸುಪಾಸು ಅಷ್ಟೇ ಅಲ್ವಾ. ಹಂಗೇ ಮಧ್ಯಾಹ್ನ ಬಿಸಿಲಲ್ಲಿ ಕಾದು ಬಂದ ಕಾರಿಗೆ ತಕ್ಷಣ ಚಾರ್ಜ್ ಹಾಕೋದಕ್ಕಿಂತ ರಾತ್ರಿ ಹನ್ನೊಂದರ ಮೇಲೆ ಹಾಕಿ, ಬ್ಯಾಟರಿನೂ ತಣ್ಣಗಿರುತ್ತೆ, ಲೈನ್ ವೋಲ್ಟೇಜೂ ಚೆನ್ನಾಗಿರುತ್ತೆ.

ಇನ್ನು ಗೃಹಜ್ಯೋತಿ. ಇದನ್ನ ಕೇಳಿದ್ದು ಒಳ್ಳೇದಾಯ್ತು, ಶೋರೂಮಲ್ಲಿ ಇದನ್ನ ಯಾರೂ ಹೇಳಲ್ಲ. ನಿಮಗೆ ಫ್ರೀ ಇರೋದು ಪೂರ್ತಿ 200 ಯೂನಿಟ್ ಅಲ್ಲ, 2022-23ರ ನಿಮ್ ಸರಾಸರಿ ಬಳಕೆ ಪ್ಲಸ್ ಶೇಕಡ 10. ಅದು ದಾಟಿ 200ರ ಒಳಗಿದ್ರೆ ಹೆಚ್ಚಿಗೆ ಆದಷ್ಟಕ್ಕೆ ಮಾತ್ರ ಬಿಲ್, 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ಕಟ್ಬೇಕು. ಉದಾಹರಣೆಗೆ ನಿಮ್ ಸರಾಸರಿ 110 ಅಂದ್ಕೊಳ್ಳೋಣ, ಅರ್ಹತೆ 121. ಕಾರಿಗೆ ದಿನಕ್ಕೆ 8 ಯೂನಿಟ್, ತಿಂಗಳಲ್ಲಿ 25 ದಿನ, 200 ಯೂನಿಟ್. ಒಟ್ಟು 310. ಅಲ್ಲಿಗೆ ಗೃಹಜ್ಯೋತಿ ಸಂಪೂರ್ಣ ಔಟ್, ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದ್ರೂ 1,850 ಚಿಲ್ಲರೆ, ಅದರ ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ. ಆದ್ರೂ ಪೆಟ್ರೋಲ್ ಕಾರಲ್ಲಿ ಇದೇ 1,250 ಕಿಲೋಮೀಟರ್‌ಗೆ ಎಂಟು ಸಾವಿರದ ಮೇಲೆ ಹೋಗ್ತಿತ್ತು, ಹಂಗಾಗಿ ಅಳೋ ಅಗತ್ಯ ಏನಿಲ್ಲ.

ಆದ್ರೆ ಇದಕ್ಕೊಂದು ದಾರಿ ಇದೆ, ಕಾರಿಗೆ ಬೇರೆ ಮೀಟರ್. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೇಳೋ ಹಕ್ಕು ಗ್ರಾಹಕರಿಗಿದೆ ಅಂತ 2024ರಲ್ಲಿ ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಆಗಿದೆ, ನಮ್ಮಲ್ಲಿ ಕೆಇಆರ್‌ಸಿ ಇವಿ ಚಾರ್ಜಿಂಗ್‌ಗೇ ಅಂತ (ಕೆಇಆರ್‌ಸಿ ಅಂದ್ರೆ ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ) ಬೇರೆ ದರಾನೂ ಇಟ್ಟಿದೆ. ಕಾರಿನ ಯೂನಿಟ್ ಎಲ್ಲಾ ಆ ಮೀಟರಲ್ಲಿ ಓಡಿದ್ರೆ ಮನೆ ಮೀಟರ್ 110ರಲ್ಲೇ ಇರುತ್ತೆ, ಗೃಹಜ್ಯೋತಿ ಹಂಗೇ ಉಳಿಯುತ್ತೆ. ಎರಡನೇ ಮೀಟರ್‌ಗೆ ಡೆಪಾಸಿಟ್ಟು, ಪ್ರತಿ ತಿಂಗಳ ಫಿಕ್ಸೆಡ್ ಚಾರ್ಜು ಇರುತ್ತೆ, ಕಾರು ತಿಂಗಳಿಗೆ ನಾಲ್ಕೈದು ಸಲ ಮಾತ್ರ ತೆಗೆಯೋರಿಗೆ ಗಿಟ್ಟಲ್ಲ, ನಿಮ್ ಓಡಾಟಕ್ಕೆ ಗಿಟ್ಟುತ್ತೆ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹೊಸ ಕನೆಕ್ಷನ್‌ಗೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡೋ ಆಕ್ಯುಪೆನ್ಸಿ ಸರ್ಟಿಫಿಕೇಟ್) ಕೇಳೋದು ಜಾಸ್ತಿ ಆಗಿದೆ, ಅದಕ್ಕೆ ಗುಂಡಿ ತೋಡ್ಸೋ ಮುಂಚೆನೇ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಏನೇನು ಕಾಗದ ಬೇಕು, ಈ ವರ್ಷದ ಇವಿ ದರ ಎಷ್ಟು ಅಂತ ಕೇಳ್ಕೊಂಡು ಬನ್ನಿ. ಬೇರೆ ಮೀಟರ್ ಬೇಡ ಅಂತ ತೀರ್ಮಾನ ಮಾಡಿದ್ರೆ, ಇರೋ ಮೀಟರ್‌ಗೇ ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಿ, ಸುಮ್ನೆ ಎಳೀತಾ ಕೂತ್ರೆ ಒಂದಲ್ಲ ಒಂದಿನ ದಂಡ ಬರುತ್ತೆ. ಎರಡರಲ್ಲಿ ಯಾವುದಾದ್ರೂ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೈಲೇ ಮಾಡಿಸಿ, ಹೆಂಗಿದ್ರೂ ಅರ್ಜಿಗೆ ಅವರ ಸಹಿ ಬೇಕು.

ಕೊನೇದಾಗಿ ಸೋಲಾರ್. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ಜಿಲ್ಲೆ ನಮ್ದು, ಬಿಸಿಲಿಗೆ ಬರ ಇಲ್ಲ. ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ, 3 ಕಿಲೋವ್ಯಾಟ್ ಹಾಕ್ಸಿದ್ರೆ ತಿಂಗಳಿಗೆ 350 ಚಿಲ್ಲರೆ, ಮನೆ ಕಾರು ಎರಡಕ್ಕೂ ಆಗುತ್ತೆ, ಪಿಎಂ ಸೂರ್ಯಘರ್ ಸ್ಕೀಮಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದ್ರೆ ಒಂದು ವಿಷಯ ತಿಳ್ಕೊಳ್ಳಿ, ಪ್ಯಾನಲ್ ಕೆಲಸ ಮಾಡೋ ಹೊತ್ತಲ್ಲಿ ನಿಮ್ ಕಾರು ವಸಂತನರಸಾಪುರದಲ್ಲಿರುತ್ತೆ, ಹಂಗಾಗಿ ಹಗಲು ಲೈನಿಗೆ ಕೊಟ್ಟು ರಾತ್ರಿ ಲೈನಿಂದ ತಗೊಳ್ಳೋ ನೆಟ್ ಮೀಟರಿಂಗ್ ಲೆಕ್ಕದಲ್ಲೇ ಇದು ನಡೆಯೋದು. ಕರೆಂಟ್ ಹೋದ್ರೆ ಈ ತರದ ಸೋಲಾರೂ ನಿಂತೋಗುತ್ತೆ, ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಹಂಗೆ ಮಾಡಿದಾರೆ, ಸೋಲಾರ್ ಇದೆ ಅಂತ ಪವರ್ ಕಟ್‌ನಲ್ಲಿ ಕಾರ್ ಚಾರ್ಜ್ ಆಗುತ್ತೆ ಅಂದ್ಕೊಂಡು ಮೋಸ ಹೋಗ್ಬೇಡಿ. ಮನೇಲಿರೋ ಬ್ಯಾಟರಿ ಯುಪಿಎಸ್‌ಗಂತೂ ಕಾರು ಸಿಗಿಸೋ ಯೋಚನೆನೇ ಬೇಡ. ಬೇರೆ ಮೀಟರ್ ತಗೊಂಡ್ರೆ ಸೋಲಾರ್ ಯಾವ ಮೀಟರ್‌ಗೆ ಸೇರಿಸ್ಬೇಕು ಅನ್ನೋದನ್ನ ಅರ್ಜಿ ಹಾಕೋ ಮುಂಚೆನೇ ನಿರ್ಧಾರ ಮಾಡಿ, ಆಮೇಲೆ ಬದಲಾಯಿಸೋದು ತಲೆನೋವು. ಪ್ಯಾನಲ್ಲನ್ನೇ ಎತ್ತರಕ್ಕೆ ಕಂಬ ನಿಲ್ಲಿಸಿ ಕಾರಿಗೆ ಸೂರು ಮಾಡ್ಕೊಳ್ಳೋ ಆಸೆ ಇದ್ರೆ ಮಾಡಿ, ಚೆನ್ನಾಗಿರುತ್ತೆ, ಆ ಕಬ್ಬಿಣದ ಕಂಬಗಳನ್ನೂ ಅರ್ತ್ ಮಾಡಿಸಿ, ಮತ್ತೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ತೆಂಗಿನ ಗರಿ ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಒಂದಿನ ನಿಂತು ನೋಡಿ ಸುಣ್ಣದಲ್ಲಿ ಗುರುತು ಹಾಕ್ಕೊಳ್ಳಿ, ಒಂದು ಗರಿ ನೆರಳು ಪ್ಯಾನಲ್ ಮೇಲೆ ಬಿದ್ರೂ ಆ ಸಾಲಿನ ಉತ್ಪಾದನೆ ಇಳಿಯುತ್ತೆ.